ಷಡ್ಡಕನ ಐದು ಗುಂಡಿನ ಬಂದೂಕು

ಮೊಮ್ಮಗಳ ಮದುವೆಗೆ ಸೀರೆ ನೋಡೋಣವೆಂದು ಹೋದ ತಿಂಗಳು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ನೇಕಾರರ ಬೀದಿಯ ಒಂದು ಮನೆಯೊಳಗೆ ಒಬ್ಬಾತ ಮಗ್ಗದ ಯಾವುದೋ ಭಾಗ ಬಿಚ್ಚಿಟ್ಟುಕೊಂಡು, ಬಟ್ಟೆಯ ಚೂರಿನಿಂದ ಒರೆಸಿ, ಎಣ್ಣೆ ಬಿಡುತ್ತಿದ್ದ. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಹೊಟ್ಟೆಯೊಳಗೆ ಚುರ್ ಎಂದಿತು. ಹಸಿವೂ ಅಲ್ಲ, ಪಿತ್ತವೂ ಅಲ್ಲ. ಎಪ್ಪತ್ತು ದಾಟಿದ ಮೇಲೆ ಇನ್ನು ಯಾರಿಗೆಂದು ಸುಳ್ಳು ಹೇಳಲಿ, ಅದು ಹೊಟ್ಟೆಕಿಚ್ಚು. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ನಂಜುಂಡಪ್ಪನ ಬಂದೂಕಿಗೂ ಅದೇ ವಾಸನೆ ಇತ್ತು. ನಂಜುಂಡಪ್ಪ ತೀರಿಕೊಂಡು ಹತ್ತು ವರ್ಷವಾಯಿತು, ಬಂದೂಕು ಯಾರ ಕೈ ಸೇರಿತೋ ಗೊತ್ತಿಲ್ಲ. ನಾನು ಸೀರೆ ನೋಡುವುದನ್ನು ಬಿಟ್ಟು ಜಗಲಿಯ ಮೇಲೆ ಕೂತುಬಿಟ್ಟೆ.

ಯುದ್ಧ ಮುಗಿದ ಮರುವರ್ಷದ ಮಾತು. ಬಟ್ಟೆಗೂ ಸೀಮೆಎಣ್ಣೆಗೂ ಇನ್ನೂ ಚೀಟಿ ಹಿಡಿದು ನಿಲ್ಲಬೇಕಾಗಿದ್ದ ಕಾಲ. ನನಗೆ ಇಪ್ಪತ್ತೇಳು. ನಮ್ಮೂರು ದೇವನಹಳ್ಳಿಯ ಕಡೆಗೆ, ನಮ್ಮ ಮಾವನ ಊರು ರಾಜಘಟ್ಟದ ಹತ್ತಿರ. ಮಾವ ಮುನಿಯಪ್ಪನವರಿಗೆ ಗಂಡುಮಕ್ಕಳಿರಲಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ಗೌರಮ್ಮ ನನ್ನ ಹೆಂಡತಿ, ಚಿಕ್ಕವಳು ಪುಟ್ಟಮ್ಮ ನಂಜುಂಡಪ್ಪನ ಹೆಂಡತಿ. ಆ ಊರಿನಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತು. ಆ ದಿನ ಬರಿಗೈಲಿ ಬಂದರೆ ವರ್ಷವೆಲ್ಲ ಬರಿಗೈ ಎಂಬ ನಂಬಿಕೆ. ಆ ಬೇಟೆಗೆ ಒಬ್ಬ ಯಜಮಾನ. ಯಾರು ಎಲ್ಲಿ ನಿಲ್ಲಬೇಕು, ಮೊದಲ ಏಟು ಯಾರದು, ಮಾಂಸದ ಪಾಲು ಹೇಗೆ, ಎಲ್ಲಕ್ಕೂ ಅವನ ಮಾತೇ ಮಾತು. ಮೂವತ್ತು ವರ್ಷದಿಂದ ನಮ್ಮ ಮಾವನೇ ಯಜಮಾನರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬರುವ ಯುಗಾದಿಗೆ ಯಜಮಾನಿಕೆಯನ್ನು ಬೇರೆಯವರ ತಲೆಗೆ ಕಟ್ಟುತ್ತೇನೆ ಎಂದು ಹಿಂದಿನ ವರ್ಷವೇ ಹೇಳಿದ್ದರು. ಬೇರೆಯವರು ಅಂದರೆ ನಾನು. ಅದರಲ್ಲಿ ನನಗಾಗಲಿ ಊರಿಗಾಗಲಿ ಅನುಮಾನ ಇರಲಿಲ್ಲ.

ಯಾಕೆಂದರೆ ಇಡೀ ಬೇಟೆಗೆ ಇದ್ದದ್ದು ಒಂದೇ ಕೋವಿ, ಅದು ನನ್ನದು. ನಮ್ಮಪ್ಪನಿಂದ ಬಂದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಕಬ್ಬಿಣದ ಗಜದಿಂದ ಜಡಿಯಬೇಕು, ಗುಂಡು ಹಾಕಿ ಮತ್ತೆ ಜಡಿಯಬೇಕು, ಕೊನೆಗೆ ಕುದುರೆ ಎನ್ನುವ ಪುಟ್ಟ ಸುತ್ತಿಗೆಯ ಕೆಳಗೆ, ಕಿಡಿ ಹಾರಿಸುವ ಕೇಪು ಕೂರಿಸಬೇಕು. ಇಷ್ಟೆಲ್ಲ ಆದ ಮೇಲೆ ಒಂದೇ ಒಂದು ಗುಂಡು. ಗುರಿ ತಪ್ಪಿದರೆ ಇನ್ನೊಂದು ಸಲ ಜಡಿಯುವ ಹೊತ್ತಿಗೆ ಹಂದಿ ಹೊಸಕೋಟೆ ತಾಲೂಕಿನಲ್ಲಿರುತ್ತದೆ. ಆದರೂ ಆರು ವರ್ಷದಲ್ಲಿ ನಾಲ್ಕು ಹಂದಿ ಕೆಡವಿದ್ದೆ. ಮಾವನ ಮನೆಗೆ ಹೋದರೆ ಜಗಲಿಯ ಮೇಲೆ ನನಗೇ ಬೇರೆ ಚಾಪೆ. ‘ಅಳಿಮಯ್ಯ, ನೀನಿರೋತನಕ ನಂಗೇನ್ ಚಿಂತೆ’ ಎಂದು ಬಂದವರೆದುರಿಗೆಲ್ಲ ಹೇಳುವರು. ನನಗೆ ಆ ಮಾತು ಊಟಕ್ಕಿಂತ ಹೆಚ್ಚು.

ಶಿವರಾತ್ರಿ ಕಳೆದ ವಾರ, ನಾವೂ ಮಾವನ ಮನೆಯಲ್ಲಿದ್ದಾಗ, ನಂಜುಂಡಪ್ಪ ಬಂದ. ಬೆಂಗಳೂರಿನ ದಂಡಿನಲ್ಲಿ ಮಿಲಿಟರಿ ಲಾರಿ ರಿಪೇರಿ ಮಾಡುವ ಕೆಲಸ ಅವನದು. ಮೆಲುಮಾತಿನ ಮನುಷ್ಯ, ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು. ನಾನು ಅವನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಸಲ ಅವನ ಹೆಗಲ ಮೇಲೆ ಕಂಬಳಿ ಸುತ್ತಿದ ಉದ್ದದ್ದೊಂದು ಇತ್ತು. ತನ್ನ ಸೀಮೆಗೆ ವಾಪಸು ಹೊರಟ ಒಬ್ಬ ಬಿಳಿ ದೊರೆ ಕೈಗೆ ಬಂದ ಬೆಲೆಗೆ ಕೊಟ್ಟು ಹೋದನಂತೆ. ಲೈಸೆನ್ಸಿನ ಕಾಗದವನ್ನೂ ಮೊಹರು ಹಾಕಿಸಿಕೊಂಡೇ ತಂದಿದ್ದ. ಕಂಬಳಿ ಬಿಚ್ಚಿದ.

ಅದನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ. ಆಗಲೇ ಮೂವತ್ತು ನಲವತ್ತು ವರ್ಷದ ಹಳೆಯ ಸಾಮಾನು. ನಳಿಗೆ ದುಂಡಗಿರಲಿಲ್ಲ, ಎಂಟು ಪಟ್ಟೆಯದು, ಕಪ್ಪು ಸವೆದು ಅಂಚಿನಲ್ಲಿ ಬೆಳ್ಳಗಾಗಿತ್ತು. ಅದರ ಕೆಳಗೆ ಇನ್ನೊಂದು ಸಣ್ಣ ಕೊಳವೆ. ತೋಟಾಗಳು ಅದರೊಳಗೆ ಒಂದರ ಹಿಂದೊಂದು ಸಾಲಾಗಿ ಮಲಗುತ್ತವೆ. ಆ ಕೊಳವೆಯನ್ನು ಅಪ್ಪಿಕೊಂಡಂತೆ ಗೀರುಗೀರಾದ ಮರದ ಹಿಡಿ, ನಮ್ಮಜ್ಜಿಯ ಬೀಸುವ ಕಲ್ಲಿನ ಗೂಟದ ಹಾಗೆ ಅಂಗೈಗಳು ಸವೆಸಿದ ನುಣುಪು. ಹಿಡಿಯನ್ನು ಹಿಂದಕ್ಕೆ ಎಳೆದರೆ ಪಕ್ಕದಲ್ಲಿ ಬಾಯಿ ತೆರೆದು ಸುಟ್ಟ ತೋಟಾ ಆಚೆಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಬಾಯಿ ಮುಚ್ಚಿ ಹೊಸದು ಒಳಗೆ ಕೂರುತ್ತದೆ. ಐದು ಗುಂಡು. ಕೆನ್ನೆಯಿಂದ ಇಳಿಸುವುದೇ ಬೇಡ. ನಂಜುಂಡಪ್ಪ ಅಂಗಳದಲ್ಲಿ ನಿಂತು ಖಾಲಿ ಬಂದೂಕನ್ನೇ ಎಳೆದು ತಳ್ಳಿದ. ಕಟಕ್ ಕಟ್. ಹಿತ್ತಲಿನಲ್ಲಿದ್ದ ಹೆಂಗಸರೂ ಬಂದು ನಿಂತರು.

ಮಾವ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳಿನಿಂದಲೇ ನೋಡಿದರು. ಹಿಡಿ ಎಳೆದರು, ತಳ್ಳಿದರು, ಮತ್ತೆ ಎಳೆದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕೆಡವಿದ ನಾಲ್ಕು ಹಂದಿಗೂ ಕಂಡಿರಲಿಲ್ಲ.

‘ಅಣ್ಣ, ನೀವೂ ಹಿಡ್ಕೊಂಡ್ ನೋಡಿ,’ ಎಂದು ನಂಜುಂಡಪ್ಪ ನನ್ನ ಕಡೆ ಚಾಚಿದ.

‘ಕೈ ಎಣ್ಣೆ ಆಗ್ತದೆ ಬಿಡಪ್ಪ. ಊಟಕ್ಕೆ ಕೂರಬೇಕು,’ ಎಂದೆ. ಊಟಕ್ಕೆ ಇನ್ನೂ ಹೊತ್ತಿತ್ತು.

ಮುಟ್ಟಲು ಕೈ ಎಷ್ಟು ತುರಿಸುತ್ತಿತ್ತೆಂದರೆ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. ಊರಿಗೆ ವಾಪಸಾಗುವಾಗ ಗಾಡಿಯಲ್ಲಿ ಗೌರಮ್ಮ ಕೇಳಿದಳು: ‘ಒಂದ್ಸಲ ಮುಟ್ಟಿ ನೋಡಿದ್ರೆ ಏನಾಗ್ತಿತ್ತು?’

‘ಅದೇನು ಕೋವಿನಾ? ಹೊಲಿಗೆ ಮಿಷನ್ನು.’

‘ಮಿಷನ್ನೇ ಇರ್ಲಿ. ನಮ್ಮಪ್ಪ ಎಷ್ಟು ಖುಷಿ ಪಟ್ರು ನೋಡಿದ್ರಲ್ಲ.’

ಅಷ್ಟು ಸಾಕಾಯಿತು. ಆ ಒಂದು ತಿಂಗಳು ನಾನು ನಾನಾಗಿರಲಿಲ್ಲ. ಅರಳಿಕಟ್ಟೆಯಲ್ಲಿ ಕೂತು, ಯಾರೂ ಕೇಳದೆ ಹೋದರೂ, ಐದು ಗುಂಡು ಇಟ್ಟುಕೊಂಡವನಿಗೆ ಗುರಿ ಏತಕ್ಕೆ ಎಂದು ವಾದ ಮಾಡುತ್ತಿದ್ದೆ. ನನ್ನ ಕೋವಿಯನ್ನು ಮೂರು ಸಲ ಉಜ್ಜಿದೆ, ಹುಣಿಸೆಹಣ್ಣು ಹಾಕಿ ಹಿತ್ತಾಳೆ ಬೆಳಗಿದೆ, ಅದು ಬೆಳಗಿದಷ್ಟೂ ಬಡಕಲಾಗಿ ಕಂಡಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಯಾರೂ ಇಲ್ಲವೆಂದು ಊದುಕೊಳವೆಯನ್ನು ಕೆನ್ನೆಗೆ ಆನಿಸಿ, ಎಡಗೈ ಎಳೆದು ತಳ್ಳಿ, ಎಳೆದು ತಳ್ಳಿ ನೋಡುತ್ತಿದ್ದೆ. ಬಾಯಲ್ಲಿ ಕಟಕ್ ಕಟ್ ಎಂದೂ ಅಂದೆ. ಗೌರಮ್ಮ ಬಾಗಿಲಲ್ಲಿ ನಿಂತಿದ್ದಳು. ‘ಹಂದಿ ಎಲ್ಲಾ ಸತ್ತ ಮೇಲೆ ಕೊಡಿ, ಒಲೆ ಆರಿಹೋಗ್ತಿದೆ,’ ಎಂದಳು. ನಗಲೂ ಇಲ್ಲ. ಅವಳಿಗೆ ಎಲ್ಲ ಗೊತ್ತಾಗಿತ್ತು.

ಯುಗಾದಿಗೆ ಎರಡು ಸಂಸಾರವೂ ಮಾವನ ಮನೆ ಸೇರಿದೆವು. ಆ ವರ್ಷ ಬಿಸಿಲು ಬೇಗ ಬಂದಿತ್ತು, ಹೊಂಗೆ ಮರಗಳು ಮಾತ್ರ ಹಸಿರು. ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ದೇವರ ಮುಂದೆ ಚಾಪೆಯ ಮೇಲೆ ನೇಗಿಲ ಗುಳ, ಕುಡುಗೋಲು, ಅವುಗಳ ಪಕ್ಕ ನನ್ನ ಕೋವಿ, ಅದರ ಪಕ್ಕ ಆ ಬಂದೂಕು, ಎಲ್ಲ ಇಟ್ಟೆವು. ಪೂಜೆಯಾದ ಮೇಲೆ ಕೋವಿಯನ್ನು ಯಾರೂ ಮುಟ್ಟುವಂತಿಲ್ಲ. ಮಾರನೆಯ ದಿನ ಕೆರೆ ಏರಿಯ ಮೇಲೆ ಯಜಮಾನರೇ ಎತ್ತಿ ಕೈಗೆ ಕೊಡಬೇಕು. ಇದು ಆ ಮನೆಯ ಪದ್ಧತಿ. ನಂಜುಂಡಪ್ಪ ಬಂದೂಕಿನ ಹಿಡಿಯನ್ನು ಹಿಂದಕ್ಕೆ ಎಳೆದು ಪಕ್ಕದ ಬಾಯಿ ತೆರೆದೇ ಇಟ್ಟಿದ್ದ. ಒಳಗೆ ತೋಟಾ ಇಲ್ಲ ಎಂದು ಎಲ್ಲರಿಗೂ ಕಾಣಬೇಕು, ಮನೆಯೊಳಗೆ ಇಡುವಾಗ ಅದೇ ಮರ್ಯಾದೆ ಎಂದ. ಇಟ್ಟು, ಬಾಗಿಲಿಗೆ ಮಾವಿನ ತೋರಣ ಕಟ್ಟಲು ಹೊರಗೆ ಹೋದ.

ಆ ಮನೆಯಲ್ಲಿ ಬೇವು ಬೆಲ್ಲ ಮನುಷ್ಯರಿಗಿಂತ ಮೊದಲು ಆಯುಧಕ್ಕೆ. ಮಾವ ಬಟ್ಟಲು ಹಿಡಿದು ಕೂತು, ತಡಕಾಡುತ್ತ, ಗುಳಕ್ಕೆ ಒಂದು ಚಿಟಿಕೆ ಮುಟ್ಟಿಸಿದರು, ಕುಡುಗೋಲಿಗೆ ಮುಟ್ಟಿಸಿದರು. ನನ್ನ ಕೋವಿಯ ನಳಿಗೆಯ ಬಾಯಿಗೆ ಸವರಿದರು. ಅದರಿಂದ ಏನೂ ತೊಂದರೆ ಇಲ್ಲ, ಗಜ ಹಾಕಿದರೆ ಒರೆಸಿಹೋಗುತ್ತದೆ. ಆಮೇಲೆ ಬಂದೂಕಿಗೆ ಬಂದರು. ಅದರ ನಳಿಗೆಯ ತುದಿಯನ್ನು ಬೆರಳಿನಿಂದ ಮುಟ್ಟಿದರು, ತೂತು ಬಹಳ ಸಣ್ಣದು. ಬೆರಳು ಹಿಂದಕ್ಕೆ ಸರಿಯಿತು, ಮರ ದಾಟಿತು, ತೆರೆದಿದ್ದ ಆ ಬಾಯಿಗೆ ಹೋಗಿ ನಿಂತಿತು.

‘ಓ, ಇವನ ಬಾಯಿ ಇಲ್ಲಿದೆ ಅನ್ನು,’ ಎಂದು ತಮಗೆ ತಾವೇ ಹೇಳಿಕೊಂಡರು. ಹೊಸ ಅತಿಥಿ ಎಂದು ಚಿಟಿಕೆಯಲ್ಲ, ಗೋಲಿ ಗಾತ್ರದ ಉಂಡೆಯನ್ನೇ ಮಾಡಿ ಒಳಗೆ ಇಟ್ಟರು. ಆಮೇಲೆ ಆ ಸದ್ದು ಕೇಳುವ ಆಸೆಗೆ ಹಿಡಿಯನ್ನು ಮುಂದಕ್ಕೆ ತಳ್ಳಿದರು. ಕಟ್ ಎನ್ನಲಿಲ್ಲ, ಮೆತ್ತಗೆ ಮುಚ್ಚಿಕೊಂಡಿತು. ‘ತಿಂತು,’ ಎಂದು ನಕ್ಕರು.

ನಾನು ಅವರ ಪಕ್ಕದಲ್ಲಿ, ಮೊಣಕಾಲು ತಗಲುವಷ್ಟು ಹತ್ತಿರ ಕೂತಿದ್ದೆ. ಎಲ್ಲವನ್ನೂ ನೋಡಿದೆ. ‘ಮಾವ, ಅದು ಬಾಯಲ್ಲ’ ಎಂಬ ಮೂರು ಮಾತು ನಾಲಿಗೆಯ ತುದಿಗೆ ಬಂದಿದ್ದವು. ಬೆಲ್ಲ ಇಳಿದು ಒಳಗೆಲ್ಲ ಅಂಟಿದರೆ ನಾಳೆ ಅದು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹೊಲಿಗೆ ಮಿಷನ್ ನೋಡಿದ ಯಾರಿಗಾದರೂ ಗೊತ್ತು. ಊರ ಮುಂದೆ ಸಿಕ್ಕಿಹಾಕಿಕೊಳ್ಳಲಿ, ಜನ ನಗಲಿ ಎನಿಸಿತು. ಅಷ್ಟೇ ಎಣಿಸಿದ್ದು, ಅದಕ್ಕಿಂತ ಹೆಚ್ಚಿನದನ್ನು ಎಣಿಸಲಿಲ್ಲ, ಇದನ್ನು ಯಾರಾದರೂ ನಂಬಿದರೆ ನಂಬಲಿ. ನಂಜುಂಡಪ್ಪ ಒಳಗೆ ಬಂದು ಕೂತ. ಬಂದೂಕಿನ ಬಾಯಿ ಮುಚ್ಚಿತ್ತು, ಪೂಜೆಯಾದದ್ದನ್ನು ಅವನು ಮುಟ್ಟುವಂತಿರಲಿಲ್ಲ. ಮಾವ ನಮ್ಮಿಬ್ಬರ ಅಂಗೈಗೂ ಬೇವು ಬೆಲ್ಲ ಹಾಕಿದರು. ನನ್ನ ಪಾಲಿಗೆ ಬೆಲ್ಲವೇ ಹೆಚ್ಚಾಗಿ ಬಿದ್ದಿತ್ತು, ಚಪ್ಪರಿಸಿ ತಿಂದೆ.

ಮಾರನೆಯ ಬೆಳಿಗ್ಗೆ ಊರಿನ ಗಂಡಸರೆಲ್ಲ ಕೆರೆ ಏರಿಯ ಮೇಲೆ ಸೇರಿದರು. ಕೆರೆಯಲ್ಲಿ ನೀರು ಮಧ್ಯಕ್ಕೆ ಹೋಗಿ, ಅಂಚಿನಲ್ಲಿ ಜೊಂಡು, ಅದರಾಚೆ ಜಾಲಿ ಮೆಳೆ. ಹಂದಿ ಇರುವುದು ಅಲ್ಲೇ. ಮಾವ ನಡುವೆ ನಿಂತು ಹೇಳಿದರು: ‘ಈ ಸಲ ಮೊದಲನೇ ಗುಂಡು ನಂಜುಂಡಪ್ಪಂದು. ಯಾರ ಕೋವಿಗೆ ಹಂದಿ ಬೀಳ್ತದೋ ಅವರಿಗೇ ಯಜಮಾನಿಕೆ. ಇಬ್ರೂ ನನ್ ಅಳಿಯಂದ್ರೇ, ನಂಗೆ ಭೇದ ಇಲ್ಲ.’ ಜನ ಸರಿ ಎಂದರು. ನನ್ನ ಕಿವಿ ಕಾದುಹೋಯಿತು. ಆರು ವರ್ಷದ ಮಾತನ್ನು ಒಂದು ತಿಂಗಳಲ್ಲಿ ಆ ಮಿಷನ್ನು ತಿಂದುಹಾಕಿತ್ತು.

ನಂಜುಂಡಪ್ಪ ತೋಟಾ ತುಂಬಿ ಹಿಡಿ ಎಳೆದು ತಳ್ಳಿದ. ಹುಬ್ಬು ಗಂಟು ಹಾಕಿದ. ‘ಯಾಕೋ ಇವತ್ತು ಬಿಗಿ ಆಗಿದೆ ಅಣ್ಣ,’ ಎಂದ. ಬಿಚ್ಚಿ ನೋಡಲು ಹೊತ್ತಿರಲಿಲ್ಲ, ಆಚೆ ದಡದಲ್ಲಿ ಆಗಲೇ ತಮಟೆ ಶುರುವಾಗಿತ್ತು.

‘ಬಿಸಿಲಿಗೆ ಹಂಗಾಗ್ತದೆ,’ ಎಂದೆ. ಒಂದು ದಿನವೂ ಅದನ್ನು ಮುಟ್ಟದವನು ಅಷ್ಟು ಹೊತ್ತಿಗೆ ಪಂಡಿತನಾಗಿದ್ದೆ.

ಏರಿಯ ಕೆಳಗೆ ಅವನು ನಿಂತ. ಅವನ ಹಿಂದೆ ಹತ್ತು ಹೆಜ್ಜೆಗೆ ಕೋಲೂರಿಕೊಂಡು ಮಾವ, ಕಣ್ಣು ಕಾಣದಿದ್ದರೂ ಹತ್ತಿರದಿಂದ ಕೇಳಬೇಕೆಂದು ಹಟ ಹಿಡಿದು ನಿಂತವರು. ಬಲಗಡೆ ಇಪ್ಪತ್ತು ಮಾರು ದೂರದಲ್ಲಿ ನಾನು. ತಮಟೆ ಹತ್ತಿರವಾಯಿತು, ಜೊಂಡು ಅಲ್ಲಾಡಿತು, ಒಂಟಿ ಗಂಡು ಹಂದಿ ಹೊರಗೆ ನುಗ್ಗಿತು. ನಂಜುಂಡಪ್ಪ ಹೊಡೆದ. ಒಳ್ಳೆಯ ಗುಂಡು, ಹೆಗಲಿಗೆ ತಾಗಿತು, ಹಂದಿ ಮುಗ್ಗರಿಸಿತು. ಇನ್ನೊಂದು ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹಿಡಿ ಎಳೆದ. ಅರ್ಧಕ್ಕೆ ನಿಂತುಹೋಯಿತು. ಹಂದಿ ಎದ್ದು ತಿರುಗಿತು.

‘ಬಿತ್ತಾ? ಬಿತ್ತೇನ್ರೋ?’ ಎಂದು ಮಾವ ಕೇಳುತ್ತಿದ್ದರು.

ನನ್ನ ಕೋವಿ ಕೆನ್ನೆಯಲ್ಲೇ ಇತ್ತು. ಹಂದಿಯ ಪಕ್ಕೆ ನನ್ನ ಕಡೆಗೇ ಇತ್ತು. ಇದನ್ನು ನಾನು ಗೌರಮ್ಮನಿಗೂ ಹೇಳಿಲ್ಲ: ನಾನು ಎರಡು ಉಸಿರಿನಷ್ಟು ಹೊತ್ತು ಕಾದೆ. ಅವನು ಇನ್ನೊಂದು ಸಲ ಎಳೆಯಲಿ, ಅದು ಇನ್ನೊಂದು ಸಲ ಬರದೆ ಇರಲಿ, ಎಲ್ಲರೂ ನೋಡಲಿ ಎಂದು ಕಾದೆ. ನಂಜುಂಡಪ್ಪ ಪಕ್ಕಕ್ಕೆ ಹಾರಬಹುದಿತ್ತು, ಜಾಗವಿತ್ತು. ಅವನು ಒಂದು ಸಲ ಹಿಂದಕ್ಕೆ ತಿರುಗಿ ಮಾವನನ್ನು ನೋಡಿದ, ಬಂದೂಕನ್ನು ದೊಣ್ಣೆಯಂತೆ ಅಡ್ಡ ಹಿಡಿದು ಅಲ್ಲೇ ನಿಂತ. ಹಂದಿಯ ಕೋರೆ ಅವನ ತೊಡೆಯನ್ನು ಮಂಡಿಯಿಂದ ಮೇಲಕ್ಕೆ ಸೀಳಿತು. ಆಮೇಲೆ ನಾನು ಹೊಡೆದೆ. ಗುಂಡು ಕಿವಿಯ ಹಿಂದೆ ಹೊಕ್ಕಿತು, ಹಂದಿ ಅವನ ಮೇಲೆಯೇ ಉರುಳಿತು.

ಗಾಡಿ ಕಟ್ಟಿ ಅವನನ್ನು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದರು. ನಾನೂ ಹೊರಟಿದ್ದೆ, ಜನ ಬಿಡಲಿಲ್ಲ. ಹಂದಿ ಕೆಡವಿದವನು ಪಾಲು ಹಾಕುವಾಗ ಇರಲೇಬೇಕಲ್ಲ. ಸಂಜೆ ಎಲ್ಲರೆದುರಿಗೆ ಮಾವ ತಮ್ಮ ಹೆಗಲ ಕೆಂಪು ವಸ್ತ್ರ ತೆಗೆದು ನನ್ನ ತಲೆಗೆ ಸುತ್ತಿದರು. ‘ಒಬ್ಬ ಅಳಿಯನ್ನ ಇನ್ನೊಬ್ಬ ಅಳಿಯ ಉಳಿಸ್ದ,’ ಎಂದರು. ಐದು ಗುಂಡಿನ ಬಂದೂಕಂತೆ, ಎರಡನೆಯದಕ್ಕೇ ಉಸಿರು ನಿಂತಿತಂತೆ ಎಂದು ಜನ ನಕ್ಕರು. ನಾನು ಬಯಸಿದ್ದ ನಗು ಅದೇ.

ಹನ್ನೆರಡು ದಿನದ ಮೇಲೆ ಅವನನ್ನು ನೋಡಲು ಹೋದೆ. ಆಸ್ಪತ್ರೆಯಿಂದ ಮಾವನ ಮನೆಗೇ ಕರೆತಂದಿದ್ದರು. ಜಗಲಿಯ ಮೇಲೆ, ನನಗೆ ಹಾಸುತ್ತಿದ್ದ ಚಾಪೆಯ ಮೇಲೆ, ಹೊಲಿಗೆ ಹಾಕಿದ ಕಾಲು ಚಾಚಿ ಕೂತಿದ್ದ. ಆ ಕಾಲನ್ನು ಮತ್ತೆ ಪೂರ್ತಿ ಮಡಿಸಲಾಗಲಿಲ್ಲ, ಸಾಯುವವರೆಗೂ ಕುಂಟಿದ. ಮುಂದೆ ಗೋಣಿಚೀಲ ಹಾಸಿ ಬಂದೂಕನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟುಕೊಂಡಿದ್ದ. ಒಂದು ತಟ್ಟೆಯಲ್ಲಿ ಸೀಮೆಎಣ್ಣೆ. ಅದರೊಳಗೆ ಕರಗಿದ ಕಂದು ಅಂಟು, ಸತ್ತ ಇರುವೆಗಳು, ಒಂದು ಬೇವಿನ ಹೂವು.

ನಾನು ತಟ್ಟೆಯನ್ನು ನೋಡಿದೆ. ಅವನು ನಾನು ನೋಡುವುದನ್ನು ನೋಡಿದ.

ಒಳಗಿಂದ ಮಾವನ ದನಿ ಬಂತು: ‘ಏನಪ್ಪಾ ನಂಜುಂಡ, ಅದಕ್ಕೆ ಏನಾಗಿತ್ತು ಅಂತ ಗೊತ್ತಾಯ್ತಾ?’

‘ಏನಿಲ್ಲ ಮಾವ. ನಂದೇ ತಪ್ಪು. ಎಣ್ಣೆ ಬಿಡೋದು ಮರೆತ್ಬಿಟ್ಟಿದ್ದೆ, ಕಚ್ಕೊಂಡಿತ್ತು,’ ಎಂದು ಅವನು ಒಳಗೆ ಕೇಳಿಸುವಂತೆ ಜೋರಾಗಿ ಹೇಳಿದ. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದ: ‘ಅವರಿಗೆ ಗೊತ್ತಾಗೋದು ಬೇಡ ಅಣ್ಣ. ಈ ವಯಸ್ಸಲ್ಲಿ ತಡ್ಕೊಳ್ಳಲ್ಲ.’

ನಾನು ಹೂಂ ಎಂದೆ. ಅವನು ಒಂದು ಚೂರನ್ನು ಎತ್ತಿ ಬಟ್ಟೆಯಿಂದ ಒರೆಸಿದ.

‘ಅವತ್ತು ಪೂಜೇಲಿ ನೀವು ಅವರ ಪಕ್ಕದಲ್ಲೇ ಕೂತಿದ್ರಿ ಅಲ್ವಾ?’

‘ಕೂತಿದ್ದೆ.’

‘ನಿಮ್ಗೂ ಕಾಣಿಸ್ಲಿಲ್ವಾ?’

‘ಇಲ್ಲ,’ ಎಂದೆ.

ಅವನು ತಲೆ ಎತ್ತಲಿಲ್ಲ. ‘ಹೌದು ಬಿಡಿ. ಕಂಡಿದ್ರೆ ನೀವು ಹೇಳ್ದೆ ಇರ್ತಿದ್ರಾ,’ ಎಂದ. ತಟ್ಟೆಯಲ್ಲಿದ್ದ ಬೇವಿನ ಹೂವನ್ನು ಬೆರಳಲ್ಲಿ ಎತ್ತಿ, ಮುದುಕರ ಕಾಲಿಗೂ ಸಿಗದಂತೆ ದೂರ ಚರಂಡಿಗೆ ಎಸೆದ. ಆ ಮಾತನ್ನು ನಂಬಿ ಆಡಿದನೋ, ತಿಳಿದೇ ಆಡಿದನೋ, ಮುಂದೆ ಮೂವತ್ತೈದು ವರ್ಷ ಜೊತೆಗೆ ಉಂಡರೂ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಆ ಜಗಲಿಯ ಮೇಲೆ ಅರ್ಧ ಗಳಿಗೆಯೊಳಗೆ ಅವನು ಮಾವನಿಗೋಸ್ಕರ ಒಂದು ಸುಳ್ಳು ಹೇಳಿದ, ನಾನು ನನಗೋಸ್ಕರ ಒಂದು ಸುಳ್ಳು ಹೇಳಿದೆ. ಬಂದೂಕಿನ ಆಸೆ ನನಗೆ ಅಲ್ಲಿಗೇ ಹೋಯಿತು. ಈಗಲೂ ಹೊಟ್ಟೆ ಉರಿಯುವುದು ಅವನ ಆ ಸುಳ್ಳಿನ ಮೇಲೆ.